ಒಲೆಹೊಗೆಯ ಸಿಒಪಿಡಿ: ಮಂಡ್ಯದ ರೈತ ಮಹಿಳೆಯೊಬ್ಬರ ಒಂಬತ್ತು ವಾರದ ಶ್ವಾಸಕೋಶ ಪುನಶ್ಚೇತನ

ಡಿಸ್ಚಾರ್ಜ್ ಚೀಟಿಯಲ್ಲಿ ಇನ್ಹೇಲರ್‌ಗೆ ಮೈಕ್ರೋಗ್ರಾಂ ಲೆಕ್ಕವಿತ್ತು, ಮಾತ್ರೆಗೆ ಹೊತ್ತು ಗೊತ್ತಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ‘ದಿನಾ ಸ್ವಲ್ಪ ನಡೆಯಿರಿ’ ಎಂದಷ್ಟೇ ಇತ್ತು. ಎಷ್ಟು ದೂರ, ಯಾವ ವೇಗದಲ್ಲಿ, ದಮ್ಮು ಹತ್ತಿದರೆ ನಿಲ್ಲಬೇಕೋ ಮುಂದುವರಿಯಬೇಕೋ, ಒಂದೂ ಇರಲಿಲ್ಲ. ರೋಗಿಗೆ ಇದ್ದದ್ದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಹೋಗಲು ತಡವಾಗುವ ದೀರ್ಘಕಾಲದ ಕಾಯಿಲೆ. ಎರಡು ದಿನ ಬೀದಿಯ ಕೊನೆಯವರೆಗೆ ನಡೆದರು. ಮೂರನೆಯ ದಿನ ಏದುಸಿರು ಜೋರಾಯಿತು, ಹೆದರಿ ಜಗಲಿ ಹಿಡಿದರು. ನಡಿಗೆಯೂ ಔಷಧವೇ ಆದರೆ ಅದಕ್ಕೂ ಪ್ರಮಾಣ ಬೇಕು. ಆ ಪ್ರಮಾಣವನ್ನು ಹೇಗೆ ಅಳೆದು ಕೊಟ್ಟರು, ಎಲ್ಲಿ ತಪ್ಪಿತು, ಹೇಗೆ ತಿದ್ದಿದರು ಎಂಬುದೇ ಈ ಪ್ರಕರಣದ ತಿರುಳು. ಗುರುತು ಸಿಗಬಾರದೆಂದು ಒಂದೇ ಬಗೆಯ ಕೆಲವು ರೋಗಿಗಳ ವಿವರಗಳನ್ನು ಒಬ್ಬರಲ್ಲಿ ಕೂಡಿಸಿ ಬರೆದಿದೆ.

ರೋಗಿ ಮತ್ತು ಹಿನ್ನೆಲೆ

57 ವರ್ಷದ ಮಹಿಳೆ, ಪಾಂಡವಪುರ ತಾಲ್ಲೂಕಿನ ಹಳ್ಳಿಯವರು. ಒಂದು ಎಕರೆ ಕಬ್ಬು, ಎರಡು ಸೀಮೆಹಸು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಹಾಗಾಗಿಯೇ ಆರು ವರ್ಷ ಇವರ ಕೆಮ್ಮು, ದಮ್ಮಿಗೆ ‘ಅಲರ್ಜಿ’, ‘ಗೂರಲು’ ಎಂದೇ ಚಿಕಿತ್ಸೆ ನಡೆದಿತ್ತು. ಹಳ್ಳಿ ಹೆಂಗಸರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷ? ಇವರದು ದಿನಕ್ಕೆ 4 ಗಂಟೆ, ಮದುವೆಯಾಗಿ ಬಂದ 17ನೇ ವಯಸ್ಸಿನಿಂದ 40 ವರ್ಷ. ಗುಣಿಸಿದರೆ 160. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಅಪಾಯ ಎದ್ದು ಕಾಣುತ್ತದೆ ಎಂದು ತೋರಿಸಿತ್ತು. ಮನೆಯಲ್ಲಿ ಗ್ಯಾಸ್ ಇದೆ. ಆದರೆ ಅದು ಕಾಫಿಗೆ, ಒಗ್ಗರಣೆಗೆ. ಹಿಟ್ಟು (ರಾಗಿಮುದ್ದೆ) ಬೇಯುವುದು, ಹಂಡೆ ನೀರು ಕಾಯುವುದು ಸೌದೆಯಲ್ಲೇ. ಮನೆಯಿಂದ 200 ಮೀಟರ್ ದೂರದಲ್ಲಿ ಆಲೆಮನೆ. ಗಾಳಿ ಇತ್ತ ತಿರುಗಿದ ದಿನ ಹೊಗೆಯೆಲ್ಲ ಹಿತ್ತಲಿಗೆ.

ಡಿಸೆಂಬರ್‌ನಲ್ಲಿ ಉಬ್ಬಸ ಉಲ್ಬಣಿಸಿ 6 ದಿನ ಆಸ್ಪತ್ರೆಯಲ್ಲಿದ್ದರು. ಬಿಡುಗಡೆಯಾಗಿ ಮೂರು ವಾರಕ್ಕೆ ಮಂಡ್ಯ ನಗರದ ಪುನಶ್ಚೇತನ ಘಟಕಕ್ಕೆ, ಅಂದರೆ ಅಳೆದು ಕೊಟ್ಟ ವ್ಯಾಯಾಮ, ಉಸಿರಾಟದ ತರಬೇತಿ ಮಾಡಿಸುವಲ್ಲಿಗೆ ಬಂದರು. ಉಲ್ಬಣದ ನಂತರ ನಾಲ್ಕು ವಾರದೊಳಗೆ ಪುನಶ್ಚೇತನ ಶುರುವಾದರೆ ಮತ್ತೆ ದಾಖಲಾಗುವ ಸಂಭವ ತಗ್ಗುತ್ತದೆ. ಆ ಲೆಕ್ಕದಲ್ಲಿ ಇವರು ಸರಿಯಾದ ಹೊತ್ತಿಗೇ ಬಂದರು. ಬಹುಪಾಲು ರೋಗಿಗಳು ಆ ಹೊತ್ತಿಗೆ ಹಾಸಿಗೆ ಹಿಡಿದು, ತೊಡೆಯ ಸ್ನಾಯು ಇನ್ನಷ್ಟು ಕರಗಿಸಿಕೊಂಡಿರುತ್ತಾರೆ.

ಇನ್ಹೇಲರ್ ಕೊಟ್ಟ ನಂತರದ ಸ್ಪೈರೊಮೆಟ್ರಿಯಲ್ಲಿ (ಊದುವ ಪರೀಕ್ಷೆ) ಎಫ್‌ಇವಿ1, ಅಂದರೆ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ, 0.82 ಲೀಟರ್, ಅಂದರೆ ನಿರೀಕ್ಷಿತದ ಶೇ 42. ಎಫ್‌ವಿಸಿ, ಒಂದೇ ಉಸಿರಿಗೆ ಪೂರ್ತಿ ಊದಿದ್ದು, 1.58 ಲೀಟರ್. ಎರಡರ ಅನುಪಾತ 0.52. ಅನುಪಾತ 0.70ಕ್ಕಿಂತ ಕಡಿಮೆ ಇದ್ದು, ಎಫ್‌ಇವಿ1 ಶೇ 30ರಿಂದ 49ರ ನಡುವೆ ಇರುವುದರಿಂದ ಇದು ಮೂರನೆಯ ದರ್ಜೆಯ, ತೀವ್ರ ಸಿಒಪಿಡಿ. ಎದೆಯ ಎಕ್ಸ್‌ರೇ, ಕಫದ ಸಿಬಿನ್ಯಾಟ್ (ಕ್ಷಯದ ರೋಗಾಣು ಹುಡುಕುವ ಪರೀಕ್ಷೆ) ಮಾಡಿ ಕ್ಷಯ ಇಲ್ಲವೆಂದು ಖಾತ್ರಿಪಡಿಸಿಕೊಂಡರು. ನಮ್ಮ ಕಡೆ ಇದನ್ನು ಬಿಟ್ಟು ಹತ್ತು ಜನರ ಜೊತೆ ಒಂದೇ ಹಾಲ್‌ನಲ್ಲಿ ವ್ಯಾಯಾಮ ಮಾಡಿಸುವಂತಿಲ್ಲ. ಇಸಿಜಿ, ಎಕೋದಲ್ಲಿ ವ್ಯಾಯಾಮಕ್ಕೆ ಅಡ್ಡಿಯಾಗುವಂಥದ್ದಿರಲಿಲ್ಲ. ಎತ್ತರ 150 ಸೆಂಟಿಮೀಟರ್, ತೂಕ 41 ಕಿಲೋ, ಬಿಎಂಐ 18.2, ಎತ್ತರಕ್ಕೆ ತಕ್ಕ ತೂಕವಿಲ್ಲ. ಹಿಮೋಗ್ಲೋಬಿನ್ 10.4, ರಕ್ತಹೀನತೆ. ಈ ಕೊನೆಯ ಎರಡು ಸಂಖ್ಯೆಗಳನ್ನು ಶ್ವಾಸಕೋಶದ ಫೈಲ್‌ನಲ್ಲಿ ಯಾರೂ ಎತ್ತಿ ಓದುವುದಿಲ್ಲ. ದಮ್ಮಿನ ಒಂದು ಪಾಲು ಅಲ್ಲೇ ಅಡಗಿರುತ್ತದೆ.

ಏನು ಬೇಕು ಎಂದು ಫಿಸಿಯೋಥೆರಪಿಸ್ಟ್ ಕೇಳಿದಾಗ ಬಂದ ಉತ್ತರ: “ಡೇರಿಗೆ ಹಾಲು ಹಾಕಕ್ಕೆ ಮೊಮ್ಮಗನ್ನ ಕಳಿಸ್ಬೇಕು ಕಣವ್ವ. ಹಿಟ್ಟು ತೊಳ್ಸಕ್ಕಾಯ್ತಿಲ್ಲ. ಸೊಸೆ ಇಕ್ಕಿದ್ದನ್ನ ಕೂತ್ಕಂಡು ಉಣ್ಣದು ಒಂದು ಬಾಳಾ?” ಗುರಿ ಎರಡೂ ಸಿಕ್ಕವು. ಡೇರಿ ಮನೆಯಿಂದ 350 ಮೀಟರ್. ನಾಲ್ಕು ಲೀಟರ್ ಹಾಲಿನ ಕ್ಯಾನ್ ಹಿಡಿದು ನಿಲ್ಲದೆ ಅಲ್ಲಿಗೆ ಹೋಗುವುದು ಒಂದು. ಆರು ಜನಕ್ಕೆ ಹಿಟ್ಟು ತೊಳಸುವುದು ಇನ್ನೊಂದು. ಇನ್ನು ಮುಂದಿನ ವ್ಯಾಯಾಮವೆಲ್ಲ ಈ ಎರಡರಿಂದ ಹಿಂದಕ್ಕೆ ಲೆಕ್ಕ ಹಾಕಿದ್ದು.

ಅಳತೆ

ಮೊದಲಿನ ದಾಖಲೆಯಲ್ಲಿ ಬೇರೆ ಕಡೆ ಮಾಡಿದ 6 ನಿಮಿಷದ ನಡಿಗೆ ಪರೀಕ್ಷೆಯ ಫಲಿತಾಂಶವಿತ್ತು: 180 ಮೀಟರ್. ಅದನ್ನು ಬಳಸಲಾಗಲಿಲ್ಲ. ಆ ಪರೀಕ್ಷೆ ನಡೆದದ್ದು 15 ಮೀಟರ್ ಓಣಿಯಲ್ಲಿ. ಓಣಿ ಚಿಕ್ಕದಾದಷ್ಟೂ ತಿರುವು ಹೆಚ್ಚು, ಪ್ರತಿ ತಿರುವಿಗೂ ವೇಗ ಕಡಿಯುತ್ತದೆ, ದೂರ ಕಡಿಮೆ ಬರುತ್ತದೆ. ಮುಂದೆ 30 ಮೀಟರ್ ಓಣಿಯಲ್ಲಿ ಮತ್ತೆ ಅಳೆದು ‘ಸುಧಾರಿಸಿದೆ’ ಎಂದು ಬರೆದರೆ ಸುಧಾರಿಸಿದ್ದು ಓಣಿ, ರೋಗಿಯಲ್ಲ.

ಹೊಸ ಪರೀಕ್ಷೆ 30 ಮೀಟರ್ ಸಮತಟ್ಟಾದ ಕಾರಿಡಾರ್‌ನಲ್ಲಿ, 3 ಮೀಟರ್‌ಗೊಂದು ಗುರುತು, ಎರಡು ತುದಿಗೆ ಪ್ಲಾಸ್ಟಿಕ್ ಕೋನ್, ನಡುವೆ ಒಂದು ಕುರ್ಚಿ. ಬಸ್ ನಿಲ್ದಾಣದಿಂದ ನಡೆದು ಬಂದವರನ್ನು 10 ನಿಮಿಷವಾದರೂ ಕೂರಿಸಬೇಕು. ಬಂದ ಕೂಡಲೇ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ ಇವರ ಸ್ಯಾಚುರೇಷನ್ (ರಕ್ತದ ಆಮ್ಲಜನಕ ಮಟ್ಟ) ಶೇ 91 ತೋರಿಸಿತು, ಹತ್ತು ನಿಮಿಷ ಕೂತ ಮೇಲೆ 95. ಪರೀಕ್ಷಿಸುವವರು ರೋಗಿಯ ಪಕ್ಕದಲ್ಲೋ ಮುಂದೆಯೋ ನಡೆಯಬಾರದು. ನಡೆದರೆ ವೇಗ ಅವರದಾಗುತ್ತದೆ. ನಿಮಿಷಕ್ಕೊಮ್ಮೆ ಒಂದೇ ದನಿಯಲ್ಲಿ ‘ಚೆನ್ನಾಗಿ ನಡೀತಿದ್ದೀರ ಅಮ್ಮ, ಇನ್ನು 5 ನಿಮಿಷ ಇದೆ’ ಎಂಬಷ್ಟೇ ಮಾತು. ‘ಬೇಗ ಬೇಗ’ ಎಂದು ಹುರಿದುಂಬಿಸುವಂತಿಲ್ಲ. ಮೊದಲ ಸಲ 212 ಮೀಟರ್, ಅರ್ಧ ಗಂಟೆ ಬಿಟ್ಟು ಎರಡನೆಯ ಸಲ 234. ಎರಡನೆಯದು ಸಾಮಾನ್ಯವಾಗಿ ಹೆಚ್ಚು ಬರುತ್ತದೆ, ಪರೀಕ್ಷೆಯ ರೂಢಿಯಿಂದಲೇ. ದೊಡ್ಡದನ್ನು ತೆಗೆದುಕೊಳ್ಳಬೇಕು. ಒಂದೇ ಸಲ ಮಾಡಿ ಬಿಟ್ಟಿದ್ದರೆ ಇಲ್ಲದ 22 ಮೀಟರ್ ಲಾಭ ಕೊನೆಯಲ್ಲಿ ಪುನಶ್ಚೇತನದ ಖಾತೆಗೆ ಸೇರುತ್ತಿತ್ತು.

ನಾಲ್ಕನೆಯ ನಿಮಿಷದಲ್ಲಿ 40 ಸೆಕೆಂಡ್ ನಿಂತರು. ಸ್ಯಾಚುರೇಷನ್ 86ಕ್ಕೆ ಇಳಿಯಿತು, ನಾಡಿ 124. ತನಗೆಷ್ಟು ಕಷ್ಟವೆಂದು ರೋಗಿಯೇ ಹೇಳುವ 0ಯಿಂದ 10ರ ಬೋರ್ಗ್ ಮಾಪಕದಲ್ಲಿ ದಮ್ಮು 5, ಕಾಲಿನ ಸೋಲು 4. ಒಂದು ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕೂತದ್ದು 14 ಸಲ. ಕೈ ಹಿಡಿತ 14 ಕಿಲೋ. ಏಷ್ಯಾದ ಮಹಿಳೆಯರಿಗೆ 18ಕ್ಕಿಂತ ಕಡಿಮೆ ಇದ್ದರೆ ಸ್ನಾಯು ದುರ್ಬಲ ಎಂದೇ ಲೆಕ್ಕ. ಎಂಎಂಆರ್‌ಸಿ ದಮ್ಮಿನ ದರ್ಜೆ 3, ಅಂದರೆ ನೂರು ಮೀಟರ್ ನಡೆದರೆ ನಿಲ್ಲಬೇಕು. ಸಿಒಪಿಡಿಯ ತೊಂದರೆ ಅಳೆಯುವ ಸಿಎಟಿ ಪ್ರಶ್ನಾವಳಿಯಲ್ಲಿ 40ಕ್ಕೆ 24, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು.

ಬೋರ್ಗ್ ಮಾಪಕ ಓದಲು ಬಾರದವರಿಗೆ ಕಷ್ಟ. ಪರೀಕ್ಷೆಯ ಹೊತ್ತಿನಲ್ಲಿ ಮಾಪಕದ ಪದಗಳನ್ನು ಬದಲಿಸದೆ ಓದಿ ಹೇಳಿದರು. ತರಬೇತಿಯಲ್ಲಿ ಮಾತ್ರ ಇವರದೇ ಗುರುತುಗಳು: 0 ಅಂದರೆ ಜಗಲಿ ಮೇಲೆ ಕೂತಾಗ. 3 ಅಂದರೆ ನಡೆಯುತ್ತ ಪಕ್ಕದವರ ಜೊತೆ ಮಾತಾಡಬಹುದು. 5 ಅಂದರೆ ಒಂದುಸಿರಿಗೆ ನಾಲ್ಕೈದು ಪದ. 10 ಅಂದರೆ ಆಸ್ಪತ್ರೆಗೆ ಕರೆತಂದ ಆ ರಾತ್ರಿ. ನಡಿಗೆ 4 ಮತ್ತು 6ರ ನಡುವೆ ಇರಬೇಕು. ಇಲ್ಲೇ ಎಲ್ಲರೂ ಎಡವುವುದು. ದಮ್ಮು ಬಂತೆಂದರೆ ಏನೋ ಕೆಡುತ್ತಿದೆ ಎಂಬುದು ರೋಗಿಯ ನಂಬಿಕೆ, ಮನೆಯವರದೂ ಅದೇ. “ದಮ್ಮು ಬಂದ್ರೆ ಜೀವ ಹೋಯ್ತದೇನೋ ಅನ್ಸುತ್ತೆ” ಎನ್ನುವವರಿಗೆ ‘4ರಿಂದ 6ರ ದಮ್ಮು ಬರಲೇಬೇಕು, ಬರದಿದ್ದರೆ ಕಾಲಿಗೆ ಔಷಧ ತಲುಪಿಲ್ಲ’ ಎಂದು ಆಕ್ಸಿಮೀಟರ್ ತೋರಿಸಿ, ಮೂರು ನಿಮಿಷದಲ್ಲಿ ಅದೇ ದಮ್ಮು ತಾನಾಗಿ ಇಳಿಯುವುದನ್ನು ಗಡಿಯಾರದಲ್ಲಿ ತೋರಿಸಿ ನಂಬಿಸಬೇಕಾಯಿತು.

ಪ್ರಮಾಣ

ಲೆಕ್ಕ ಸರಳ. 234 ಮೀಟರ್‌ಗೆ 6 ನಿಮಿಷ, ನಿಮಿಷಕ್ಕೆ 39 ಮೀಟರ್. ಅದರ ಶೇ 80 ಅಂದರೆ 31 ಮೀಟರ್. 30 ಮೀಟರ್ ಕಾರಿಡಾರ್‌ನ ಒಂದು ಬದಿಯನ್ನು 58 ಸೆಕೆಂಡಿನಲ್ಲಿ ಮುಗಿಸಬೇಕು. ನಾಡಿಬಡಿತವನ್ನು ಗುರಿಯಾಗಿ ಇಟ್ಟುಕೊಳ್ಳಲಿಲ್ಲ. ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಎಳೆದವರ ನಾಡಿ ತಾನಾಗಿಯೇ ಏರಿರುತ್ತದೆ.

ಒಂದೇ ಸಮನೆ 20 ನಿಮಿಷ ಇವರಿಂದ ಆಗದು. ಹಾಗಾಗಿ ತುಂಡು ನಡಿಗೆ. ಮೊದಲ ವಾರ 3 ನಿಮಿಷದ ನಾಲ್ಕು ಸುತ್ತು, ಎರಡನೆಯ ವಾರ ಐದು ಸುತ್ತು, ನಡುವೆ ಒಂದೂವರೆ ನಿಮಿಷ ವಿರಾಮ. ಮೂರನೆಯ ವಾರ 5 ನಿಮಿಷದ ನಾಲ್ಕು ಸುತ್ತು. ನಾಲ್ಕನೆಯ ವಾರ 7 ನಿಮಿಷದ ಮೂರು ಸುತ್ತು, ವೇಗ ನಿಮಿಷಕ್ಕೆ 33 ಮೀಟರ್. ಮೊದಲು ಹೊತ್ತು ಹೆಚ್ಚಿಸಿ ಆಮೇಲೆ ವೇಗ ಹೆಚ್ಚಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ ರೋಗಿ ಮರುದಿನ ಬರುವುದಿಲ್ಲ.

ಸ್ಯಾಚುರೇಷನ್ 88ಕ್ಕಿಂತ ಇಳಿದರೆ ವೇಗ ತಗ್ಗಿಸು, 85ಕ್ಕೆ ಬಂದರೆ ಕೂರಿಸು ಎಂಬುದು ಘಟಕದ ನಿಯಮ. ಆಕ್ಸಿಜನ್ ಕಾನ್ಸಂಟ್ರೇಟರ್ ಪಕ್ಕದಲ್ಲೇ ಇತ್ತು, ಆದರೆ ಮೂಗಿಗೆ ನಳಿಗೆ ಹಾಕಿ ನಡೆಸಲಿಲ್ಲ. ನಡೆಯುವಾಗ ಮಾತ್ರ ಸ್ಯಾಚುರೇಷನ್ ಇಳಿಯುವವರಿಗೆ ತರಬೇತಿಯ ವೇಳೆ ಆಕ್ಸಿಜನ್ ಕೊಟ್ಟರೆ ಕೊಡದಿದ್ದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆಂದು ಪ್ರಯೋಗಗಳಲ್ಲಿ ಸಿದ್ಧವಾಗಿಲ್ಲ. ಹಳ್ಳಿಯವರಿಗೆ ಒಮ್ಮೆ ನಳಿಗೆ ಹಾಕಿದರೆ, ಅದಿಲ್ಲದೆ ಮನೆಯಲ್ಲಿ ನಡೆಯಬಾರದು ಎಂದು ಖಾಯಂ ಆಗಿಬಿಡುತ್ತದೆ. ಸುತ್ತುಗಳ ನಡುವಿನ ವಿರಾಮದಲ್ಲೇ ಇವರ ಸ್ಯಾಚುರೇಷನ್ 93ಕ್ಕೆ ಮರಳುತ್ತಿತ್ತು. ಒಂದು ಎಚ್ಚರ: ಕೈ ಬೀಸುವಾಗ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಎರಡನೆಯ ದಿನ 79 ತೋರಿಸಿ ಎಲ್ಲರೂ ಗಾಬರಿಯಾದರು. ಬೆರಳು ತಣ್ಣಗಿತ್ತು, ಯಂತ್ರದ ಅಲೆ ಕುಣಿಯುತ್ತಿತ್ತು. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಕೈ ಎದೆಗೆ ಒತ್ತಿಕೊಂಡು ನಿಂತಾಗ 89. ಅಲೆ ಸಮನಾಗಿ ಬಂದಮೇಲೆಯೇ ಸಂಖ್ಯೆ ಬರೆಯಬೇಕು.

ಕಾಲಿನ ಬಲಕ್ಕೆ ಕುರ್ಚಿಯಿಂದ ಏಳುವುದು 8 ಸಲದಂತೆ ಮೂರು ಸುತ್ತು, 15 ಸೆಂಟಿಮೀಟರ್ ಮೆಟ್ಟಿಲು ಹತ್ತಿಳಿಯುವುದು ಅಷ್ಟೇ ಸಲ, ಕುರ್ಚಿಯಲ್ಲಿ ಕೂತು ಕಣಕಾಲಿಗೆ ಮರಳಿನ ಚೀಲ ಕಟ್ಟಿ ಮಂಡಿ ನೀಡುವುದು. ಕುಕ್ಕರಗಾಲಲ್ಲಿ ಕೂರುವುದು ಬೇಡವೆಂದರು, ಇವರ ಬಲ ಮಂಡಿ ಸವೆದಿತ್ತು. ಚೀಲದ ತೂಕ ಎಷ್ಟೆಂದರೆ 8ರಿಂದ 12 ಸಲ ಎತ್ತಬಹುದು, ಕೊನೆಯ ಎರಡು ಕಷ್ಟವಾಗಬೇಕು. 1 ಕಿಲೋದಿಂದ ಆರಂಭಿಸಿದರು. ತಪ್ಪು ನಡೆದದ್ದು ಆಮೇಲೆ. ಮೂರನೆಯ ವಾರದ ಕೊನೆಗೂ ಚೀಲ 1 ಕಿಲೋದಲ್ಲೇ ಇತ್ತು, ಇವರು ಮಾತಾಡುತ್ತಲೇ ಇಪ್ಪತ್ತು ಸಲ ಎತ್ತುತ್ತಿದ್ದರು. ನಡಿಗೆಯ ಅಂಕಣ ತುಂಬಿತ್ತು, ತೂಕದ ಅಂಕಣ ಖಾಲಿ. ಬರೆಯದ ತೂಕ ಏರುವುದಿಲ್ಲ. ಆ ದಿನದಿಂದ ಪ್ರತಿ ಸಲದ ಕಿಲೋ, ಸಂಖ್ಯೆ ಎರಡನ್ನೂ ಬರೆದರು. ಕೊನೆಗೆ ಚೀಲ 2.5 ಕಿಲೋ ಮುಟ್ಟಿತು.

ಊದುಗೊಳವೆ, ದೀಪ, ಬಸ್ಸು

ಸಿಒಪಿಡಿಯಲ್ಲಿ ತೊಂದರೆ ಉಸಿರು ಒಳಗೆ ಬಾರದ್ದರಿಂದ ಎಂದು ರೋಗಿಗೆ ಅನಿಸುತ್ತದೆ. ನಿಜವಾಗಿ ಹೊರಗೆ ಹೋಗುವುದೇ ತಡ. ಬೇಗ ಬೇಗ ಉಸಿರಾಡಿದಾಗ ಹಳೆಯ ಗಾಳಿ ಖಾಲಿಯಾಗುವ ಮೊದಲೇ ಹೊಸದು ನುಗ್ಗುತ್ತದೆ, ಎದೆ ಉಬ್ಬುತ್ತ ಹೋಗುತ್ತದೆ, ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಚಪ್ಪಟೆಯಾಗಿ ಎಳೆಯುವ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಘಟಕದಲ್ಲಿ ಹೇಳಿದ ಹೋಲಿಕೆ ಕೂಡಲೇ ತಲೆಗೆ ಹತ್ತಿತು: ಬಸ್ಸಿನಿಂದ ಇಳಿಯುವವರು ಇಳಿದ ಮೇಲೆ ತಾನೇ ಅಮ್ಮ ಹತ್ತುವವರು ಹತ್ತಬೇಕು?

ತುಟಿ ಕಿರಿದಾಗಿಸಿ ಊದುವುದನ್ನು ಕಲಿಸುವಾಗ ಮಾತ್ರ ಮೊದಲ ಹೋಲಿಕೆ ಕೆಟ್ಟಿತು. ‘ಊದುಗೊಳವೆ ಊದುವ ಹಾಗೆ’ ಎಂದರು. ಇವರು ನಲವತ್ತು ವರ್ಷದ ರೂಢಿಯಂತೆ ಕೆನ್ನೆ ಉಬ್ಬಿಸಿ, ಹೊಟ್ಟೆ ಒತ್ತಿ ಊದಿದರು. ನಾಲ್ಕು ಊದಿಗೆ ತಲೆ ಸುತ್ತಿತು. ಜೋರಾಗಿ ಊದಿದರೆ ಸಣ್ಣ ಶ್ವಾಸನಾಳಗಳು ಹೊರಗಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ, ಗಾಳಿ ಇನ್ನೂ ಸಿಕ್ಕಿಬೀಳುತ್ತದೆ. ಮುಂದಿನ ದಿನ ಹೋಲಿಕೆ ಬದಲಾಯಿತು. ಒಂದು ಮೊಳ ದೂರದಲ್ಲಿ ದೀಪ: ಕುಡಿ ಬಾಗಬೇಕು, ಆರಬಾರದು. ಮೂಗಿನಿಂದ ಎರಡು ಎಣಿಕೆ ಒಳಗೆ, ತುಟಿಯಿಂದ ನಾಲ್ಕು ಎಣಿಕೆ ಹೊರಗೆ. ನಡೆಯುವಾಗ ಎರಡು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ. ಹೆಜ್ಜೆಗೆ ಕಟ್ಟಿದ ಮೇಲೆ ಎಣಿಕೆ ಮರೆಯಲಿಲ್ಲ.

ಇನ್ಹೇಲರ್‌ನದು ಬೇರೆಯೇ ಕಥೆ. ಹಿಂದೆ ಕೊಟ್ಟಿದ್ದ, ಸಾಧನದಲ್ಲಿಟ್ಟು ಪುಡಿ ಎಳೆದುಕೊಳ್ಳಬೇಕಾದ ರೋಟಾಕ್ಯಾಪ್‌ಗಳಲ್ಲಿ ಕೆಲವನ್ನು ಇವರು ನೀರಿನ ಜೊತೆ ನುಂಗಿದ್ದರು. ಸಾಧನ ಹಿಡಿದಾಗಲೂ ಎಳೆಯುವ ಬದಲು ಊದುತ್ತಿದ್ದರು. ಪುಡಿ ಸಾಧನಕ್ಕೆ ಜೋರಾಗಿ ಎಳೆಯುವ ಶಕ್ತಿ ಬೇಕು, ಇವರಲ್ಲಿ ಅದೂ ಕಡಿಮೆ. ವೈದ್ಯರು ಸ್ಪೇಸರ್ (ಔಷಧ ಹಿಡಿದಿಡುವ ಟೊಳ್ಳು ಕೊಳವೆ) ಜೊತೆಗಿನ ಪಂಪ್‌ಗೆ ಬದಲಿಸಿದರು. ವ್ಯಾಯಾಮಕ್ಕೆ 15 ನಿಮಿಷ ಮೊದಲು ಸಾಲ್ಬುಟಮಾಲ್ ಎರಡು ಪಫ್, ಒಂದೊಂದಾಗಿ, ಪ್ರತಿ ಪಫ್‌ಗೂ ಪಂಪ್ ಅಲ್ಲಾಡಿಸಿ. ಎರಡನ್ನೂ ಒಟ್ಟಿಗೆ ಸ್ಪೇಸರ್‌ಗೆ ಒತ್ತಿದರೆ ಔಷಧದ ಹೆಚ್ಚಿನ ಪಾಲು ಗೋಡೆಗೆ ಅಂಟುತ್ತದೆ.

ಹಿಟ್ಟು ತೊಳಸುವುದು

ಕೈ ಕೆಲಸ ಏಕೆ ಅಷ್ಟು ದಮ್ಮು ತರುತ್ತದೆ? ಭುಜ, ಕತ್ತಿನ ಸ್ನಾಯುಗಳು ಸಿಒಪಿಡಿ ರೋಗಿಯಲ್ಲಿ ಉಸಿರಾಟಕ್ಕೇ ದುಡಿಯುತ್ತಿರುತ್ತವೆ. ಆಸರೆಯಿಲ್ಲದೆ ಕೈ ಎತ್ತಿದಾಗ ಅವು ಎರಡು ಕೆಲಸಕ್ಕೆ ಹರಿದು ಹಂಚಿಹೋಗುತ್ತವೆ. ಹಿಟ್ಟು ತೊಳಸುವುದರಲ್ಲಿ ಇನ್ನೂ ಒಂದಿದೆ: ಮಡಕೆಯನ್ನು ಕವೆಗೋಲಿನಲ್ಲಿ ಅದುಮಿ, ಬಗ್ಗಿ, ಕೋಲನ್ನು ಎರಡೂ ಕೈಯಲ್ಲಿ ಒತ್ತಿ ತಿರುಗಿಸುವಾಗ ಉಸಿರು ಕಟ್ಟುತ್ತಾರೆ. ಬಗ್ಗಿದಾಗ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಜೊತೆಗೆ ಕೆಳಗಿನ ಹೊಗೆ ನೇರ ಮುಖಕ್ಕೆ.

ಕೈಗೆ ತರಬೇತಿ ಅರ್ಧ ಲೀಟರ್ ನೀರಿನ ಬಾಟಲಿಯಿಂದ. ಒಂದೊಂದು ಕೈಗೆ ಒಂದು, ಭುಜದ ಮಟ್ಟಕ್ಕೆ ಎತ್ತಿ ಇಳಿಸುವುದು 30 ಸೆಕೆಂಡ್, ಮೂರು ಸುತ್ತು. ಎತ್ತುವಾಗ ಉಸಿರು ಹೊರಗೆ. ಆರನೆಯ ವಾರದ ಹೊತ್ತಿಗೆ ಲೀಟರ್ ಬಾಟಲಿ, 45 ಸೆಕೆಂಡ್. ಅದಾದ ಮೇಲೆ ಮನೆಯಿಂದಲೇ ಕೋಲು ತರಿಸಿದರು. ಬಕೆಟ್‌ನಲ್ಲಿ ಒದ್ದೆ ಮರಳು ಹಾಕಿ, ಬಕೆಟ್ಟನ್ನು ಗೋಡೆಗೆ ಒತ್ತಿಟ್ಟು ತೊಳಸಿಸಿದರು. ಎಂಟು ಸುತ್ತು, ಪ್ರತಿ ಒತ್ತಿಗೂ ಊದು, ಆಮೇಲೆ ಕೋಲು ಬಿಟ್ಟು ಮೂರು ಉಸಿರು, ಮತ್ತೆ ಎಂಟು. ನೋಡುವವರಿಗೆ ಇದು ಆಟದಂತೆ ಕಾಣಬಹುದು. ಈ ರೋಗಿಗೆ ಘಟಕದಲ್ಲಿ ಮಾಡಿಸಿದ ವ್ಯಾಯಾಮಗಳಲ್ಲೆಲ್ಲ ಇದೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಮನೆಯಲ್ಲಿ ಬದಲಾದದ್ದು ಮೂರು. ಮಡಕೆಯ ಬದಲು ಗ್ಯಾಸ್ ಮೇಲೆ ದಪ್ಪ ತಳದ ಪಾತ್ರೆ. ತೊಳಸಲು ಅದನ್ನು ಮಂಡಿ ಎತ್ತರದ ಕಟ್ಟೆಗೆ ಇಳಿಸಿಕೊಳ್ಳುವುದು, ನೆಲಕ್ಕಲ್ಲ. ಆರು ಜನರ ಹಿಟ್ಟನ್ನು ಎರಡು ಸಲಕ್ಕೆ ಮಾಡುವುದು. ಗ್ಯಾಸ್ ಖರ್ಚಾಗುತ್ತದೆ ಎಂಬ ತಕರಾರು ಮಗನದು. ಹಂಡೆ ಒಲೆ ಸೌದೆಯಲ್ಲೇ ಉಳಿಯಲಿ, ಆದರೆ ಉರಿ ಹಾಕುವುದು ಬೇರೆಯವರು ಎಂದು ಒಪ್ಪಂದವಾಯಿತು. ಹಂಡೆಗೆ ಹೊಗೆಗೂಡು ಇರುವ ಒಲೆ ಕಟ್ಟಿಸುವ ಸಲಹೆಯನ್ನೂ ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯನ್ನು ಕಂಡ ಹಿರಿಯರು ಆ ಊರಲ್ಲೇ ಇದ್ದರು. ಗಂಡ ಒಳಮನೆಯಲ್ಲಿ ಬೀಡಿ ಸೇದುವುದನ್ನು ನಿಲ್ಲಿಸಿ ಹಿತ್ತಲಿಗೆ ಹೋದರು. ಬಿಡಲು ನೆರವಾಗಲೆಂದು ಅವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800 11 2356 ಬರೆದುಕೊಟ್ಟರು.

ಊಟ. ಒಂದೇ ಹೊತ್ತಿಗೆ ದೊಡ್ಡ ಮುದ್ದೆ ಉಂಡರೆ ಹೊಟ್ಟೆ ತುಂಬಿ ಉಸಿರಿಗೆ ಜಾಗವಿರುವುದಿಲ್ಲ. ಅದೇ ಮುದ್ದೆಯನ್ನು ಎರಡಾಗಿ ಒಡೆದು ಎರಡು ಹೊತ್ತಿಗೆ. ಗುರಿ ದಿನಕ್ಕೆ 50 ಗ್ರಾಂ ಪ್ರೋಟೀನ್, ಕಿಲೋಗೆ 1.2 ಗ್ರಾಂ ಲೆಕ್ಕ. ಎರಡು ಹಸು ಕಟ್ಟಿ, ಅಷ್ಟೂ ಹಾಲನ್ನು ಡೇರಿಗೆ ಹಾಕಿ, ತಾವು ಕರಿಕಾಫಿ ಕುಡಿಯುತ್ತಿದ್ದರು. 400 ಎಂಎಲ್ ಮನೆಯಲ್ಲಿ ಉಳಿಸಿಕೊಂಡರೆ ಸುಮಾರು 13 ಗ್ರಾಂ. ಎರಡು ಮೊಟ್ಟೆ 12, ಒಂದು ಹಿಡಿ ಹುರುಳಿ ಅಥವಾ ಅವರೆಕಾಳಿನ ಸಾರು 13ರ ಸುತ್ತ, ಉಳಿದದ್ದು ರಾಗಿ, ಅಕ್ಕಿಯಿಂದ. ರಕ್ತಹೀನತೆಗೆ ಕಾರಣ ಹುಡುಕಿ ಕಬ್ಬಿಣದ ಮಾತ್ರೆ ಆರಂಭಿಸಿದರು. ಫ್ಲೂ ಮತ್ತು ನ್ಯೂಮೊಕಾಕಲ್ ಲಸಿಕೆ ಆಯಿತು.

ಬಸ್ಸು, ಡೇರಿ, ಕ್ಯಾಲೆಂಡರ್

ವಾರಕ್ಕೆ ಎರಡು ದಿನ ಘಟಕದಲ್ಲಿ, ಮೂರು ದಿನ ಮನೆಯಲ್ಲಿ. ಯೋಜನೆ 8 ವಾರ, 16 ಭೇಟಿ. ಸಂಕ್ರಾಂತಿ ಕಳೆದ ವಾರ ಆರಂಭ. ಬೆಳಗ್ಗೆ ಹಾಲು ಕರೆದು ಮುಗಿಯುವ ಮೊದಲು ಹೊರಡಲಾಗದು, ಸಂಜೆ ಐದಕ್ಕೆ ಮತ್ತೆ ಕೊಟ್ಟಿಗೆಯಲ್ಲಿರಬೇಕು. ಮೊದಲು ಕೊಟ್ಟ ಸಮಯ ಬೆಳಗ್ಗೆ 9. ಎರಡು ಸಲ ತಡವಾಗಿ, ಓಡಿಬಂದ ಏದುಸಿರಲ್ಲಿ ತಲುಪಿದರು. 11.30ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಪ್ರಯಾಣ ಇವರಿಗೆ ಸಾಧ್ಯವಾದದ್ದು ಅದರಿಂದಲೇ. ಪುನಶ್ಚೇತನ ಬಿಟ್ಟುಹೋಗುವವರಲ್ಲಿ ಎಷ್ಟೋ ಮಂದಿ ಬಿಡುವುದು ಓಡಾಟದ ಖರ್ಚಿಗೆ, ದೂರಕ್ಕೆ.

ಮನೆಯ ನಡಿಗೆಗೆ ನಾಲೆ ಏರಿಯ ದಾರಿ ಆರಿಸಿದರು, ಏರಿಳಿತವಿಲ್ಲ. ದೂರವನ್ನು ಮಗ ಟೇಪು ಹಿಡಿದು ಅಳೆದ: ತೂಬಿನಿಂದ ಹೊಂಗೆಮರದವರೆಗೆ 155 ಮೀಟರ್. ನಿಮಿಷಕ್ಕೆ 31 ಮೀಟರ್ ವೇಗದಲ್ಲಿ ಅದು ಸರಿಯಾಗಿ 5 ನಿಮಿಷ. ಮೊಬೈಲ್‌ನಲ್ಲಿ 5 ನಿಮಿಷದ ಅಲಾರಂ. ಮರ ತಲುಪುವ ಮೊದಲೇ ಬಡಿದರೆ ನಿಧಾನ, ತಲುಪಿ ಕಾಯಬೇಕಾದರೆ ಆತುರ. ಬೆಳಗಿನ ಮಂಜಿನಲ್ಲಿ ಹೊಗೆ ನೆಲಕ್ಕೇ ಅಂಟಿರುತ್ತದೆ, ಆದ್ದರಿಂದ ಮಧ್ಯಾಹ್ನ 4ರ ಸುಮಾರಿಗೆ. ಗದ್ದೆಯಲ್ಲಿ ತರಗಿಗೆ ಬೆಂಕಿ ಹಾಕಿದ ದಿನ ಮನೆಯೊಳಗೇ ಕುರ್ಚಿ ವ್ಯಾಯಾಮ.

ಘಟಕ ಕೊಟ್ಟ ಡೈರಿ ಪುಸ್ತಕ ಎರಡು ವಾರ ಖಾಲಿ ಬಂತು. ಅಕ್ಷರ ಬಾರದವರಿಗೆ ಏಳು ಅಂಕಣದ ಪುಸ್ತಕ ಕೊಟ್ಟದ್ದೇ ತಪ್ಪು. ಆ ಮನೆಯಲ್ಲಿ ದಿನದ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ಅದೇ ಚೌಕದಲ್ಲಿ, ಲೀಟರ್ ಪಕ್ಕ, ಪ್ರತಿ ಸುತ್ತಿಗೆ ಒಂದು ಗೀಟು ಎಂದು ಮೊಮ್ಮಗನಿಗೆ ಒಪ್ಪಿಸಿದರು. ಅಲ್ಲಿಂದ ಲೆಕ್ಕ ತಪ್ಪಲಿಲ್ಲ.

ಐದನೆಯ ವಾರ

ಊರಹಬ್ಬ. ಎರಡು ದಿನ ನೆಂಟರಿಗೆಲ್ಲ ಸೌದೆ ಒಲೆಯಲ್ಲಿ ಅಡುಗೆ. ಮೂರನೆಯ ದಿನ ಕಫ ಹೆಚ್ಚಿ ಹಸಿರುಗಟ್ಟಿತು, ರಾತ್ರಿ ಮಲಗಲಾಗಲಿಲ್ಲ. ಮನೆಯವರ ತೀರ್ಮಾನ ನಿರೀಕ್ಷಿತವೇ: ‘ವ್ಯಾಯಾಮ ಮಾಡಿ ಹಿಂಗಾಯ್ತು’.

ಆದರೆ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದ ಮೂರು ಗುರುತುಗಳು ಸೊಸೆಗೆ ನೆನಪಿದ್ದವು: ಕಫದ ಬಣ್ಣ ಬದಲಾದರೆ, ಕಫ ಹೆಚ್ಚಿದರೆ, ದಮ್ಮು ಎಂದಿಗಿಂತ ಜಾಸ್ತಿಯಾದರೆ ಮೂರು ದಿನ ಕಾಯದೆ ಫೋನ್ ಮಾಡುವುದು. ಅದೇ ದಿನ ಕರೆತಂದರು. ಕೂತಾಗ ಸ್ಯಾಚುರೇಷನ್ 91. ದಾಖಲು ಬೇಕಾಗಲಿಲ್ಲ. ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ 5 ದಿನ, ಆಂಟಿಬಯಾಟಿಕ್ 5 ದಿನ, ಸಾಲ್ಬುಟಮಾಲ್ ಹೆಚ್ಚುವರಿ. ಇವನ್ನು ಬರೆದದ್ದು ವೈದ್ಯರು. ಕಳೆದ ಸಲದ ಚೀಟಿ ನೋಡಿ ಸ್ಟೀರಾಯ್ಡ್ ತಾವೇ ಕೊಂಡು ನುಂಗುವುದನ್ನು ಮಂಡ್ಯ, ಮೈಸೂರು ಎರಡೂ ಕಡೆ ಕಾಣುತ್ತೇವೆ, ಅದು ಮೂಳೆಯನ್ನೂ ಸ್ನಾಯುವನ್ನೂ ತಿನ್ನುತ್ತದೆ.

ಇಲ್ಲಿ ಎರಡು ಭೇಟಿ ತಪ್ಪಿದವು, ಎಂಟು ವಾರದ ಯೋಜನೆ ಒಂಬತ್ತಕ್ಕೆ ಬೆಳೆಯಿತು. ಒಂಬತ್ತನೆಯ ದಿನಕ್ಕೆ ಮರಳಿ ಬಂದಾಗ ಬಿಟ್ಟ ಜಾಗದಿಂದ ಆರಂಭಿಸಲಿಲ್ಲ. ಸುಮಾರು ಮುಕ್ಕಾಲು ಪ್ರಮಾಣಕ್ಕೆ ಇಳಿಸಿ, 4 ನಿಮಿಷದ ನಾಲ್ಕು ಸುತ್ತು, ನಿಮಿಷಕ್ಕೆ 30 ಮೀಟರ್. ಏಳನೆಯ ವಾರ 10 ನಿಮಿಷದ ಎರಡು ಸುತ್ತು, 33 ಮೀಟರ್. ಕೊನೆಯ ಎರಡು ವಾರ 15 ನಿಮಿಷದ ಎರಡು ಸುತ್ತು, 35 ಮೀಟರ್. ಡೇರಿಯ 350 ಮೀಟರ್ ಈ ವೇಗದಲ್ಲಿ 10 ನಿಮಿಷ. 15 ನಿಮಿಷ ಬರಿಗೈಲಿ ನಿಲ್ಲದೆ ನಡೆದ ಮೇಲೆಯೇ ಕೈಗೆ ಕ್ಯಾನ್ ಕೊಟ್ಟರು, ಮೊದಲು ಎರಡು ಲೀಟರ್, ಆಮೇಲೆ ನಾಲ್ಕು, ಅರ್ಧ ದಾರಿಗೆ ಕೈ ಬದಲಿಸಿ.

ಒಂಬತ್ತು ವಾರದ ಕೊನೆಗೆ

16ರಲ್ಲಿ 13 ಭೇಟಿ ನಡೆದವು. ನಡಿಗೆ ಪರೀಕ್ಷೆ 234ರಿಂದ 286 ಮೀಟರ್. 30 ಮೀಟರ್ ಹೆಚ್ಚಿದರೆ ರೋಗಿಗೇ ಅನುಭವಕ್ಕೆ ಬರುವ ಬದಲಾವಣೆ ಎಂದು ಎಣಿಕೆ, ಇಲ್ಲಿ 52. ನಡುವೆ ನಿಲ್ಲಲಿಲ್ಲ. ಸ್ಯಾಚುರೇಷನ್‌ನ ತಳ 88. ಎದ್ದು ಕೂರುವುದು 14ರಿಂದ 19. ಸಿಎಟಿ 24ರಿಂದ 17. ಎಂಎಂಆರ್‌ಸಿ 3ರಿಂದ 2. ಹಿಡಿತ 16 ಕಿಲೋ, ಇನ್ನೂ ಸಾಲದು. ತೂಕ 42.4.

ಎಫ್‌ಇವಿ1 0.84 ಲೀಟರ್. ಅಂದರೆ ಇದ್ದಲ್ಲೇ ಇದೆ. ‘ಊದೋ ಮಿಷನ್ನಲ್ಲಿ ಏನೂ ಆಗಿಲ್ವಲ್ಲ’ ಎಂದು ಮಗ ಕೇಳಿದ. ಪುನಶ್ಚೇತನ ಶ್ವಾಸಕೋಶವನ್ನು ಮೊದಲಿನಂತೆ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಬೇಕಿತ್ತು, ಹೇಳಿರಲಿಲ್ಲ. ಬದಲಾಗುವುದು ಕಾಲಿನ ಸ್ನಾಯು: ಅದೇ ಕೆಲಸಕ್ಕೆ ಕಡಿಮೆ ಆಮ್ಲಜನಕ ಬೇಡುತ್ತದೆ, ಲ್ಯಾಕ್ಟಿಕ್ ಆಮ್ಲ ತಡವಾಗಿ ಏರುತ್ತದೆ, ಹಾಗಾಗಿ ಉಸಿರಾಟದ ಬೇಡಿಕೆಯೇ ಇಳಿಯುತ್ತದೆ. ಉಸಿರು ನಿಧಾನವಾದಷ್ಟೂ ಎದೆಯಲ್ಲಿ ಗಾಳಿ ಸಿಕ್ಕಿಬೀಳುವುದು ಕಡಿಮೆ. 2015ರ ಕಾಕ್ರೇನ್ ಪರಾಮರ್ಶೆ 65 ಪ್ರಯೋಗಗಳ 3,822 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಲಾಭವೂ ಉಸಿರುಗಟ್ಟು, ದಣಿವು, ನಡೆಯುವ ಶಕ್ತಿ, ಬದುಕಿನ ಗುಣಮಟ್ಟ ಇವುಗಳಲ್ಲೇ.

ಆರು ತಿಂಗಳಿಗೆ ಮತ್ತೆ ಅಳೆದಾಗ 262 ಮೀಟರ್. 24 ಮೀಟರ್ ಸೋರಿಹೋಗಿತ್ತು. ಕ್ಯಾಲೆಂಡರ್ ಹಾಳೆಗಳನ್ನು ತರಿಸಿ ನೋಡಿದರು. ಡೇರಿ ನಡಿಗೆ ದಿನವೂ ಇತ್ತು, ಮಳೆಗಾಲದಲ್ಲಿ ಏರಿಯ ದಾರಿ ಜಾರುತ್ತದೆಂದು ನಾಲೆ ನಡಿಗೆ ಜೂನ್ ಕೊನೆಗೆ ನಿಂತಿತ್ತು. ಮರಳಿನ ಚೀಲ ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ಹೊಸ ಚೀಟಿಯಲ್ಲಿ ಬರೆದದ್ದು ಇಷ್ಟು: ಮಳೆ ಇದ್ದ ದಿನ ಊರಿನ ಶಾಲೆಯ ವರಾಂಡ, 20 ಮೀಟರ್, 15 ನಿಮಿಷಕ್ಕೆ 26 ಸಲ. ಚೀಲ 2 ಕಿಲೋ, ವಾರಕ್ಕೆ ಮೂರು ದಿನ, ಸಂಜೆ ಹಾಲು ಕರೆಯುವ ಮೊದಲು ಕೊಟ್ಟಿಗೆಯ ಕಟ್ಟೆ ಮೇಲೆ ಕೂತು. ನಾಲ್ಕು ವಾರ, ವಾರಕ್ಕೊಂದು ಭೇಟಿ, ಅದೇ 11.30ಕ್ಕೆ. ಹಿಟ್ಟು ಮಾತ್ರ ಅವರೇ ತೊಳಸುತ್ತಿದ್ದಾರೆ, ಎಂಟು ಸುತ್ತಿಗೊಮ್ಮೆ ಕೋಲು ಬಿಟ್ಟು.